ಗುಡ್ಡದ ನಾಡಿನಲ್ಲಿ ಮನೆ ಕಟ್ಟುವವನ ಹೊಣೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಮಾತನ್ನು ಹೇಳಿದ ಹಿರಿಯರ ಮನಸ್ಸಿನಲ್ಲಿದ್ದದ್ದು ಬಹುಶಃ ಮನೆ ಕಟ್ಟಿಸುವವನ ಗಂಟಿನ ಕಷ್ಟ. ಕೊಡಗಿನಂಥ ಗುಡ್ಡದ ನಾಡಿನಲ್ಲಿ ಈ ಕೆಲವು ವರ್ಷಗಳಿಂದ ಆ ಗಾದೆಗೆ ಇನ್ನೊಂದು ಅರ್ಥವೂ ಬಂದು ಸೇರಿಕೊಂಡಿದೆ. ಇಲ್ಲಿ ಮನೆ ಕಟ್ಟಿ ನೋಡಬೇಕಾದವನು ಒಡೆಯನೊಬ್ಬನೇ ಅಲ್ಲ. ಆ ಮನೆಯನ್ನು ಎಲ್ಲರಿಗಿಂತ ಮೊದಲು ಕಾಗದದ ಮೇಲೆ ಕಾಣುವವನು, ಎಂದರೆ ಅದರ ವಿನ್ಯಾಸಕಾರನೂ, ತಾನು ಎಳೆದ ಗೆರೆಯ ಫಲವನ್ನು ಮಳೆಗಾಲ ಕಳೆದ ಮೇಲೆ ಬಂದು ನೋಡಬೇಕಾಗಿದೆ. ಅವನ ಇಕ್ಕಟ್ಟನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಎಂಜಿನಿಯರನಲ್ಲ, ಮೂವತ್ತು ವರ್ಷಗಳಿಗೂ ಮಿಗಿಲಾಗಿ ಈ ಜಿಲ್ಲೆಯಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದವನು. ಆದ್ದರಿಂದ ನನಗೆ ಪರಿಚಯವಿರುವ ಕಡೆಯಿಂದಲೇ, ಎಂದರೆ ಪದದಿಂದಲೇ, ತೊಡಗುತ್ತೇನೆ.

‘ವಿನ್ಯಾಸ’ ಎಂದೊಡನೆ ನಮಗೆ ನೆನಪಾಗುವುದು ಅಂದಚಂದ: ಸೀರೆಯ ಸೆರಗಿನ ವಿನ್ಯಾಸ, ಮುಖಪುಟದ ವಿನ್ಯಾಸ, ಕಿಟಕಿಯ ಕಂಬಿಯ ವಿನ್ಯಾಸ. ಪದದ ಮೂಲಾರ್ಥ ಇಷ್ಟು ತೆಳುವಾದುದಲ್ಲ. ‘ನ್ಯಾಸ’ವೆಂದರೆ ಇಡುವುದು, ‘ವಿನ್ಯಾಸ’ವೆಂದರೆ ಒಂದೊಂದು ವಸ್ತುವನ್ನೂ ಅದರದರ ಎಡೆಯಲ್ಲಿ ಕ್ರಮವರಿತು ಇಡುವುದು. ಅಂದರೆ ಆಕಾರದ ಪ್ರಶ್ನೆಗಿಂತ ಮೊದಲು ಎಡೆಯ ಪ್ರಶ್ನೆ. ‘ನ್ಯಾಸ’ಕ್ಕೆ ಇನ್ನೊಂದು ಅರ್ಥವೂ ಉಂಟು, ಅಮರಕೋಶವೇ ಅದನ್ನು ಹೇಳುತ್ತದೆ. ಒಬ್ಬರು ಇನ್ನೊಬ್ಬರನ್ನು ನಂಬಿ ಅವರ ಕೈಯಲ್ಲಿ ಇರಿಸಿದ ಒಡವೆಗೂ ನ್ಯಾಸವೆಂದೇ ಹೆಸರು. ಅದನ್ನು ಕಾಯಬೇಕು, ಕೇಳಿದಾಗ ಕೆಡಿಸದೆ ಹಿಂದಿರುಗಿಸಬೇಕು. ಕಟ್ಟುವವನಿಗೆ ಗುಡ್ಡದ ಒಂದು ತುಂಡು ದೊರಕುವುದೂ ಈ ಬಗೆಯಲ್ಲಿಯೇ. ಕ್ರಯಪತ್ರ ಒಡೆಯನ ಹೆಸರಿನಲ್ಲಿರಬಹುದು. ಆದರೆ ಗುಡ್ಡದ ಮೇಲೆ ಬಿದ್ದ ನೀರು ಯಾರ ಕ್ರಯಪತ್ರವನ್ನೂ ಓದಿ ಹರಿಯುವುದಿಲ್ಲ.

ಕೊಡಗು ಚಿಕ್ಕ ಜಿಲ್ಲೆ. ವಿಸ್ತೀರ್ಣ 4102 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ ಐದೂವರೆ ಲಕ್ಷ. ಚಿಕ್ಕದಾದರೂ ಇದರೊಳಗೆ ಹಲವು ಹವೆಗಳಿವೆ. ಭಾಗಮಂಡಲದ ಕಡೆ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಮಳೆ ಸುರಿದರೆ, ಬಸ್ಸಿನಲ್ಲಿ ಎರಡು ಎರಡೂವರೆ ಗಂಟೆ ಪೂರ್ವಕ್ಕೆ ಬಂದರೆ ಸಿಗುವ ಕುಶಾಲನಗರದಲ್ಲಿ ಸಾವಿರದ ಆಸುಪಾಸು. ಕುಶಾಲನಗರದಲ್ಲಿ ಚೆನ್ನಾಗಿ ಬಾಳುವ ಮನೆಯನ್ನು ಅದೇ ನಕ್ಷೆಯಲ್ಲಿ ಗಾಳಿಬೀಡಿನಲ್ಲಿ ಕಟ್ಟಿದರೆ ಅದು ಬಾಳಬೇಕೆಂಬ ನಿಯಮವಿಲ್ಲ. ಈಗ ನಮ್ಮಲ್ಲಿ ಏಳುತ್ತಿರುವ ಕಟ್ಟಡಗಳ ನಕ್ಷೆಗಳಾದರೋ ಬಹುಮಟ್ಟಿಗೆ ಬೆಂಗಳೂರಿನ ಅರವತ್ತು ನಲವತ್ತು ಅಡಿಯ ನಿವೇಶನದಲ್ಲಿ ಹುಟ್ಟಿ ಬೆಳೆದವು. ಅವು ಮೊದಲು ಕೇಳುವುದು ಸಮತಟ್ಟಾದ ನೆಲವನ್ನು. ನೆಲ ಸಮತಟ್ಟಾಗಿಲ್ಲದಿದ್ದರೆ ಯಂತ್ರ ಇದೆ. ಎರಡು ದಿನದಲ್ಲಿ ಮಾಡಿಕೊಡುತ್ತದೆ.

2018ರ ಆಗಸ್ಟ್ ತಿಂಗಳ ನಡುವಿನ ಆ ನಾಲ್ಕಾರು ದಿನಗಳನ್ನು ಕೊಡಗಿನವರು ಮರೆಯಲಾರರು. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹೆಬ್ಬೆಟ್ಟಗೇರಿ, ಹಟ್ಟಿಹೊಳೆ, ಮುಕ್ಕೋಡ್ಲು: ಈ ಹೆಸರುಗಳು ಆಗ ನಾಡಿಗೆಲ್ಲ ಪರಿಚಿತವಾದವು. ಮರುವರ್ಷ, 2019ರ ಆಗಸ್ಟಿನಲ್ಲಿ, ವಿರಾಜಪೇಟೆ ಕಡೆಯ ತೋರ ಗ್ರಾಮ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟವೇ ಜಾರಿ ಅರ್ಚಕರ ಮನೆಯನ್ನು ಹೊತ್ತುಕೊಂಡು ಹೋಯಿತು. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳಿಗೆ ಆದದ್ದು ಇದಕ್ಕಿಂತ ಘೋರ. ಇವೆಲ್ಲವೂ ಮನುಷ್ಯನ ಕೈವಾಡವೇ ಎಂದು ನಾನು ಹೇಳಲಾರೆ. ಮಳೆ ಅಳತೆ ಮೀರಿ ಸುರಿಯಿತು. ಮನೆ ರಸ್ತೆಗಳಿಲ್ಲದ ಕಾಡಿನ ಇಳಿಜಾರುಗಳೂ ಕೆಲವೆಡೆ ಜಾರಿದವು. ಆದರೆ 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಒಂದು ಮಾತನ್ನು ಒತ್ತಿ ಹೇಳಿದರು: ಕಟ್ಟಡಕ್ಕೂ ರಸ್ತೆಗೂ ಇಳಿಜಾರನ್ನು ಅಡ್ಡಾದಿಡ್ಡಿ ಕಡಿದದ್ದು, ನೀರಿನ ಸಹಜ ದಾರಿಯನ್ನು ಮುಚ್ಚಿದ್ದು ಅನಾಹುತಕ್ಕೆ ಮುಖ್ಯ ಕಾರಣಗಳಲ್ಲಿ ಸೇರಿವೆ ಎಂದು.

ಇದು ಹೇಗೆಂದು ತಿಳಿಯುವುದು ಕಷ್ಟವಲ್ಲ. ಗುಡ್ಡವೆಂದರೆ ಒಂದೇ ಬಂಡೆಯಲ್ಲ. ಕೆಳಗೆ ಬಂಡೆ, ಅದರ ಮೇಲೆ ಬಿಸಿಲು ಮಳೆಗೆ ಕೊಳೆತು ಮೆದುವಾದ ಕಲ್ಲು, ಅದರ ಮೇಲೆ ಹಲವು ಅಡಿ ಮಣ್ಣು. ಒಂದು ಘನ ಮೀಟರ್ ಒಣಮಣ್ಣು ಸುಮಾರು ಒಂದೂವರೆ ಟನ್ನಿನಷ್ಟು ತೂಗುತ್ತದೆ. ಅದೇ ಮಣ್ಣು ನೀರು ಕುಡಿದು ತುಂಬಿದಾಗ ಎರಡು ಟನ್ನಿನ ಹತ್ತಿರಕ್ಕೆ ಬರುತ್ತದೆ. ಭಾರ ಹೆಚ್ಚುವುದು ಒಂದು ಕೇಡು. ಅದಕ್ಕಿಂತ ದೊಡ್ಡ ಕೇಡು, ಮಣ್ಣಿನ ಕಣಗಳ ನಡುವೆ ಸೇರಿದ ನೀರು ಕಣ ಕಣವನ್ನೂ ದೂರ ತಳ್ಳಿ ಅವುಗಳ ಹಿಡಿತವನ್ನು ಸಡಿಲಿಸುವುದು. ಹೀಗೆ ಸಡಿಲಗೊಂಡ ಮಣ್ಣು ಜಾರದಂತೆ ತಡೆದು ನಿಲ್ಲಿಸುವುದು ಇಳಿಜಾರಿನ ಬುಡ. ನಾವು ಮನೆಯ ಅಂಗಳಕ್ಕೆಂದು ಕಡಿಯುವುದು ಆ ಬುಡವನ್ನೇ. ಕಡಿದಾಗ ಹಿಂದೆ ನಿಲ್ಲುವ ಮಣ್ಣಿನ ಗೋಡೆಗೆ ಕೊಡಗಿನಲ್ಲಿ ‘ಬರೆ’ ಎನ್ನುತ್ತಾರೆ. ಕಡಿದ ಮಣ್ಣನ್ನು ಎಲ್ಲಿಗೋ ಸಾಗಿಸುವುದು ದುಬಾರಿ. ಅದನ್ನು ಮುಂದಿನ ಇಳಿಜಾರಿಗೆ ಸುರಿದು ಅಂಗಳವನ್ನು ಹಿಗ್ಗಿಸುತ್ತಾರೆ. ಆಗ ಹಿಂದಿನ ಗುಡ್ಡ ಆಸರೆ ಕಳೆದುಕೊಂಡಿತು, ಮುಂದಿನ ಗುಡ್ಡ ಹೊರೆ ಹೊತ್ತುಕೊಂಡಿತು. ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ಸುರಿದ ಮಣ್ಣಿನ ಮೇಲೆ ನಿಂತಿತು.

ಕಾಂಕ್ರೀಟಿನ ತಡೆಗೋಡೆ ಕಟ್ಟಿದರೆ ಸಾಲದೆ ಎಂದು ಕೇಳಬಹುದು. ಗೋಡೆ ತಡೆಯಬೇಕಾದದ್ದು ಮಣ್ಣೊಂದನ್ನೇ ಅಲ್ಲ, ಅದರ ಹಿಂದೆ ಸೇರುವ ನೀರನ್ನು. ಆ ನೀರಿಗೆ ಹೊರದಾರಿ ಇಲ್ಲದಿದ್ದರೆ ಗೋಡೆ ಎಷ್ಟು ದಪ್ಪವಾದರೂ ಉಬ್ಬುತ್ತದೆ. 2022ರ ಮಳೆಗಾಲದಲ್ಲಿ ಮಡಿಕೇರಿಯ ಜಿಲ್ಲಾಡಳಿತ ಭವನದ ಬಳಿಯ ಹೊಸ ತಡೆಗೋಡೆಯ ಹಲಗೆಗಳು ಉಬ್ಬಿ ನಿಂತು ಕೆಳಗಿನ ರಸ್ತೆಯವರು ಆತಂಕಪಟ್ಟದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಹಾಗಾದರೆ ಹಿಂದಿನವರು ಏನು ಮಾಡುತ್ತಿದ್ದರು? ಕೊಡವರ, ಅರೆಭಾಷೆ ಗೌಡರ ಐನ್‌ಮನೆಗಳನ್ನು ನೋಡಿದವರಿಗೆ ಉತ್ತರ ಕಣ್ಣೆದುರಿಗೇ ಇದೆ. ಐನ್‌ಮನೆ ಎಂದರೆ ಒಕ್ಕದ ಮೂಲಮನೆ. ಅದು ಗುಡ್ಡದ ನೆತ್ತಿಯಲ್ಲಿಲ್ಲ, ಗದ್ದೆಯ ತಗ್ಗಿನಲ್ಲೂ ಇಲ್ಲ. ಗದ್ದೆಯ ಬಯಲು ಮುಗಿದು ಏರು ಮೊದಲಾಗುವ ಅಂಚಿನಲ್ಲಿ, ಮೆಲ್ಲನೆ ಎತ್ತರವಾದ ನೆಲದಲ್ಲಿ, ಬಹುಮಟ್ಟಿಗೆ ಪೂರ್ವಕ್ಕೆ ಮುಖ ಮಾಡಿ ನಿಂತಿರುತ್ತದೆ. ಮನೆಗೆ ಹೋಗುವ ಓಣಿ ನೇರವಾಗಿ ಏರದೆ ನೆಲದ ಏರಿಳಿತವನ್ನು ಅನುಸರಿಸಿ ಬಳಸಿಕೊಂಡು ಬರುತ್ತದೆ. ಕಲ್ಲಿನ ಎತ್ತರದ ಜಗಲಿ. ಅದರ ಮೇಲೆ ದಪ್ಪ ಮಣ್ಣಿನ ಗೋಡೆ. ಕಂಬಗಳ ನಡುವೆ ಐಮರ. ಒಳಗೆ ನೆಲ್ಲಕ್ಕಿ, ಕನ್ನಿಕಂಬ. ಮಾಡಿನ ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿಕೊಂಡು ಬಂದಿರುತ್ತದೆ. ನಾಟಿ ಗದ್ದೆಯಲ್ಲಿ ಬಾಗಿ ಕೆಲಸ ಮಾಡುವ ಹೆಂಗಸಿನ ಬೆನ್ನನ್ನು ಗೊರಬೆ ಹೇಗೆ ಕಾಯುತ್ತದೆಯೋ ಹಾಗೆ ಆ ಮಾಡು ಮಣ್ಣಿನ ಗೋಡೆಯನ್ನು ಕಾಯುತ್ತದೆ. ಮೊದಲು ಹುಲ್ಲು ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ ಹುಲ್ಲಿನ ಎಡೆಗೆ ಕ್ರಮೇಣ ಹೆಂಚು ಬಂತು. ಮನೆಯ ಎಡೆ ಮಾತ್ರ ಬದಲಾಗಲಿಲ್ಲ. ಈ ಮನೆಗಳನ್ನು ಊರೂರು ಅಲೆದು ನೋಡಿ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು 2014ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಹೊರತಂದಿದ್ದಾರೆ. ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಅಡಿಯಲ್ಲಿ, 1792ರಿಂದ 1794ರವರೆಗೆ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯೂ ಆಗಾಗ ದುರಸ್ತಿಯ ಆರೈಕೆ ಪಡೆದು ಎರಡು ಶತಮಾನಗಳ ಮಳೆಯನ್ನು ತಡೆದುಕೊಂಡಿದೆ.

ಕೊಡಗಿನ ಹಿರಿಯರು ಮಣ್ಣಿಗೆ ಗುದ್ದಲಿ ಹಾಕಲೇ ಇಲ್ಲವೆಂದು ಇದರ ಅರ್ಥವಲ್ಲ. ಯುದ್ಧಕಾಲಕ್ಕೆಂದು ತೋಡಿದ ಆಳವಾದ ಕಡಂಗಗಳು ಇಂದಿಗೂ ಗುಡ್ಡದಿಂದ ಗುಡ್ಡಕ್ಕೆ ಹರಿದಿವೆ. ಆದರೆ ಕೈಯಿಂದ ಅಗೆದದ್ದು ನಿಧಾನವಾಗಿ ಅಗೆದದ್ದು. ಅಗೆದಷ್ಟಕ್ಕೆ ಬೇರು ಬಿಡಲು ಹುಲ್ಲಿಗೂ ಗಿಡಕ್ಕೂ ಸಮಯವಿತ್ತು. ಜತೆಗೆ ಊರಿಗೊಂದು ಎರಡು ದೇವರಕಾಡುಗಳಿದ್ದವು; ಜಿಲ್ಲೆಯಲ್ಲಿ ಅವುಗಳ ಸಂಖ್ಯೆ 1214 ಎಂದು ಲೆಕ್ಕ. ಅಲ್ಲಿ ಕೊಡಲಿ ಆಡುವಂತಿರಲಿಲ್ಲ. ಇಲ್ಲಿ ಕಟ್ಟಬಹುದು, ಅಲ್ಲಿ ಕೂಡದು ಎಂಬ ವಿವೇಚನೆ ಯಾವ ಕಚೇರಿಯ ಅಪ್ಪಣೆಯೂ ಇಲ್ಲದೆ ನಡೆದುಬಂದಿತ್ತು.

ಹಾಗೆಂದು ಎಲ್ಲರೂ ಐನ್‌ಮನೆಯನ್ನೇ ಕಟ್ಟಿಕೊಳ್ಳಿ ಎಂದರೆ ಅದು ಬರಿಯ ಹಂಬಲದ ಮಾತಾದೀತು. ಆ ಮನೆಗಳ ತೊಲೆ ಕಂಬಗಳಿಗೆ ಬೇಕಾದ ಮರ ಇಂದು ಎಲ್ಲಿದೆ? ಇದ್ದರೂ ಕಡಿಯತಕ್ಕದ್ದೆ? ಇಡೀ ಒಕ್ಕ ಒಂದೇ ಸೂರಿನ ಕೆಳಗೆ ಬಾಳುತ್ತಿದ್ದ ಕಾಲ ಹೋಯಿತು. ವರ್ಷ ವರ್ಷ ಗೋಡೆ ಸಾರಿಸಿ ಮಾಡು ಸರಿಪಡಿಸುತ್ತಿದ್ದ ಆಳುಗಳ ಸ್ವಂತ ಗುಡಿಸಲುಗಳು ಎಂಥ ನೆಲದಲ್ಲಿದ್ದವೆಂಬುದನ್ನೂ ನಾವು ಮರೆಯಬಾರದು. ಹಳೆಯದರಿಂದ ತೆಗೆದುಕೊಳ್ಳಬೇಕಾದದ್ದು ಅದರ ಹೊರರೂಪವನ್ನಲ್ಲ, ಎಡೆಯನ್ನು ಆರಿಸುವ ವಿವೇಕವನ್ನು. ಐನ್‌ಮನೆಯ ಮುಖವಾಡ ಹೊತ್ತು, ಹೆಂಚಿನ ಕೆಳಗೆ ಕಾಂಕ್ರೀಟು ಅಡಗಿಸಿ, ಮೂವತ್ತು ಅಡಿ ಬರೆ ಕಡಿದು ನಿಂತ ವಸತಿಗೃಹಗಳು ಈಗ ಬೇಕಾದಷ್ಟಿವೆ. ಅವಕ್ಕೆ ಐಮರವಿದೆ, ವಿವೇಕವಿಲ್ಲ.

ಹೊಸ ಕಾಲದಲ್ಲಿಯೂ ಈ ವಿವೇಕವನ್ನು ಹುಡುಕಿದವರಿದ್ದಾರೆ. ವಿಕ್ಟರ್ ಪಪಾನೆಕ್ ಎಂಬ ವಿನ್ಯಾಸಕಾರ 1971ರಷ್ಟು ಹಿಂದೆಯೇ ತನ್ನ ವೃತ್ತಿಯವರ ಮೇಲೆ ಕಟುವಾದ ಆರೋಪ ಹೊರಿಸಿ, ತಾವು ಮಾಡಿದ ವಸ್ತು ಲೋಕಕ್ಕೆ ಏನು ಮಾಡುತ್ತದೆಂಬುದಕ್ಕೂ ಅವರೇ ಹೊಣೆಗಾರರೆಂದು ವಾದಿಸಿದ. ನಮಗೆ ಹತ್ತಿರದವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಈ ವಾಸ್ತುಶಿಲ್ಪಿ ಗಾಂಧೀಜಿಯವರಿಂದ ಕೇಳಿದ ಒಂದು ಮಾತನ್ನು ಬಾಳಿನುದ್ದಕ್ಕೂ ನೆನೆಯುತ್ತಿದ್ದರು: ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿಯೊಳಗೆ ಸಿಗುವಂಥದಾಗಿರಬೇಕು ಎಂಬುದು. ತಮ್ಮ ಸ್ವಂತ ಮನೆಯನ್ನು ಅವರು ಕಟ್ಟಿಕೊಂಡದ್ದು ಕಲ್ಲುಗುಡ್ಡದ ಇಳಿಜಾರಿನಲ್ಲಿ. ಗುಡ್ಡವನ್ನು ಮಟ್ಟ ಮಾಡದೆ, ಅದರ ಮೆಟ್ಟಿಲುಗಳಲ್ಲಿ ಮನೆಯೇ ಹತ್ತಿ ಇಳಿಯುವಂತೆ. ಜನಸಾಮಾನ್ಯರಿಗೆಂದು ಬರೆದ ಕಿರುಹೊತ್ತಗೆಗಳಲ್ಲಿ, ಇಳಿಜಾರಿಗೆ ಅಡ್ಡವಾಗಿ ಚಾಚದೆ ಅದರ ಮಟ್ಟದ ಗೆರೆಯ ಉದ್ದಕ್ಕೆ ಮನೆಯನ್ನು ಮಲಗಿಸಿದರೆ ಅಗೆತವೂ ಕಡಿಮೆ, ಖರ್ಚೂ ಕಡಿಮೆ ಎಂದು ಚಿತ್ರ ಬರೆದು ತೋರಿಸಿದರು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಅಸ್ತ್ರ ಒಲೆಯ ಹೆಸರನ್ನು ಅನೇಕರು ಕೇಳಿರಬಹುದು. ಅಲ್ಲಿಯೇ ಕೆ. ಎಸ್. ಜಗದೀಶ್ ಮೊದಲಾದವರು, ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಬೆಂಕಿಗೆ ಸೌದೆ ಸುಡದೆ ಇಟ್ಟಿಗೆ ಮಾಡುವ ವಿಧಾನವನ್ನು ರೂಢಿಗೆ ತಂದರು. ಇದರ ಮಹತ್ವ ಸಣ್ಣದಲ್ಲ. ಸುಣ್ಣಕಲ್ಲನ್ನು 1450 ಡಿಗ್ರಿಯಷ್ಟು ಶಾಖದಲ್ಲಿ ಸುಟ್ಟು ಮಾಡುವ ಸಿಮೆಂಟಿನಿಂದಲೇ, ಜಗತ್ತಿನ ಜನ ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಬರುತ್ತಿದೆ. ಕಾಂಕ್ರೀಟು ಬೇಡವೆಂದಲ್ಲ, ಬೇಕಾದೆಡೆ ಮಾತ್ರ ಬೇಕು ಎಂಬುದು ಇವರೆಲ್ಲರ ತಾತ್ಪರ್ಯ.

ಆದರೆ ಒಳ್ಳೆಯ ಉಪಾಯವೂ ಎಡೆ ತಪ್ಪಿದರೆ ಕೆಡುಕಾಗುತ್ತದೆ. ಬಯಲುಸೀಮೆಯಲ್ಲಿ ಇಂಗುಗುಂಡಿ ತೋಡುವುದು ಪುಣ್ಯದ ಕೆಲಸ. ಅದೇ ಇಂಗುಗುಂಡಿಯನ್ನು ಕಡಿದಾದ ಇಳಿಜಾರಿನಲ್ಲಿ, ಬರೆಯ ನೆತ್ತಿಯಲ್ಲಿ ತೋಡಿದರೆ, ಮೊದಲೇ ನೀರು ತುಂಬಿದ ಮಣ್ಣಿಗೆ ನಾವೇ ಕೊಡ ಹಿಡಿದು ಕುಡಿಸಿದಂತಾಗುತ್ತದೆ. ಅಲ್ಲಿ ಬೇಕಾದದ್ದು ನೀರನ್ನು ಇಂಗಿಸುವುದಲ್ಲ, ಅವಸರವಿಲ್ಲದೆ ತೋಡಿಗೆ ಇಳಿಸುವುದು. ಪುಸ್ತಕದಲ್ಲಿ ಓದಿದ ಪರಿಸರಪ್ರೇಮ ಸಾಲದು. ನಿಂತ ನೆಲದ ಗುಣ ಗೊತ್ತಿರಬೇಕು.

ಇನ್ನು ವಿನ್ಯಾಸಕಾರನ ಇಕ್ಕಟ್ಟಿಗೆ ಬರುತ್ತೇನೆ. ಪಿ.ಯು.ಸಿ. ತರಗತಿಯಲ್ಲಿ ನನ್ನಿಂದ ಕನ್ನಡ ಪಾಠ ಕೇಳಿದ ಹುಡುಗನೊಬ್ಬ ಮುಂದೆ ವಾಸ್ತುಶಿಲ್ಪ ಓದಿ ಈಗ ಕೊಡಗಿನಲ್ಲಿಯೇ ವೃತ್ತಿ ನಡೆಸುತ್ತಿದ್ದಾನೆ. ಅವನ ಬಳಿಗೆ ಬಂದ ಒಡೆಯರೊಬ್ಬರಿಗೆ ಹೋಂಸ್ಟೇ ಕಟ್ಟಿಸಬೇಕಿತ್ತು. ಗುಡ್ಡದ ಹೆಗಲಿನಲ್ಲಿ, ಕಣಿವೆ ಕಾಣುವಂತೆ, ಎಂಟು ಕೋಣೆ, ಮುಂದೆ ಹತ್ತು ಕಾರು ನಿಲ್ಲುವ ಅಂಗಳ. ಇವನು ಜಾಗ ನೋಡಿದ. ನಡುವೆ ಒಂದು ಕೊಲ್ಲಿಯ ಗುರುತು. ಬೇಸಗೆಯಲ್ಲಿ ಒಣಗಿ ಕಾಫಿ ಗಿಡಗಳ ನಡುವೆ ಮರೆಯಾದದ್ದು. ಅಂಗಳವನ್ನು ಕೆಳಗಿನ ರಸ್ತೆಯ ಬದಿಯಲ್ಲೇ ಇಟ್ಟು, ಕೋಣೆಗಳನ್ನು ಮೂರು ಮಟ್ಟದಲ್ಲಿ ಬಿಡಿಬಿಡಿಯಾಗಿ ಕಟ್ಟೋಣ, ನಾಲ್ಕೇ ಸಾಕು ಎಂದ. ಒಡೆಯರು ಬೇರೆಯವರನ್ನು ಹುಡುಕಿಕೊಂಡರು. ಮುಂದಿನ ಬೇಸಗೆಯೊಳಗೆ ಕೊಲ್ಲಿ ಮುಚ್ಚಿಹೋಗಿ ಎಂಟು ಕೋಣೆಯ ಕಟ್ಟಡ ಎದ್ದಿತು.

ಆ ಬರೆ ಬಿದ್ದಿತೆ ಎಂದು ನೀವು ಕೇಳಬಹುದು. ಇನ್ನೂ ಬಿದ್ದಿಲ್ಲ. ಕಥೆಯಾಗಿದ್ದರೆ ಬೀಳಬೇಕಾಗಿತ್ತು, ಇದು ಕಥೆಯಲ್ಲ. ವಾರಾಂತ್ಯದಲ್ಲಿ ಕೋಣೆಗಳು ಭರ್ತಿಯಾಗಿರುತ್ತವೆ. ಒಡೆಯರು ಇವನನ್ನು ಕಂಡಾಗ ನಗುತ್ತಾರೆ. ಹೊಣೆಯರಿತ ವಿನ್ಯಾಸಕಾರನ ನಿಜವಾದ ಕಷ್ಟ ಇದು. ಅವನ ಎಚ್ಚರಿಕೆ ನಿಜವೆಂದು ತೋರುವುದು ಅನಾಹುತವಾದಾಗ ಮಾತ್ರ. ಅನಾಹುತವಾಗಲೆಂದು ಅವನು ಬಯಸಲಾರ. ಒಮ್ಮೆ ಅವನು ನನ್ನೊಡನೆ ಹೇಳಿದ: “ಸರ್, ನಾನು ಒಲ್ಲೆನೆಂದರೆ ಗುಡ್ಡ ಉಳಿಯುವುದಿಲ್ಲ, ನನ್ನ ಕೈ ಮಾತ್ರ ಚೊಕ್ಕವಾಗಿ ಉಳಿಯುತ್ತದೆ. ಒಪ್ಪಿಕೊಂಡಿದ್ದರೆ ಕೊನೆಗೆ ಕೊಲ್ಲಿಯನ್ನಾದರೂ ಉಳಿಸುತ್ತಿದ್ದೆನೋ ಏನೋ.”

ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಒಲ್ಲೆನೆಂದು ಎದ್ದು ಬರುವುದರಲ್ಲಿ ಒಂದು ಬಗೆಯ ಹೆಮ್ಮೆ ಇದೆ. ಅದು ಗುಡ್ಡಕ್ಕೆ ಉಪಯೋಗವಾಗದ ಹೆಮ್ಮೆ. ಒಪ್ಪಿಕೊಂಡು ಆದಷ್ಟು ತಿದ್ದುತ್ತೇನೆ ಎನ್ನುವುದರಲ್ಲಿ ಒಂದು ಮೋಸವಿದೆ. ತಿದ್ದುತ್ತ ತಿದ್ದುತ್ತ ತಾನೇ ತಿದ್ದಿಸಿಕೊಳ್ಳುವ ಮೋಸ. ನನಗೆ ತೋಚುವ ಅಳತೆಗೋಲು ಒಂದೇ. ಆ ಕಟ್ಟಡದ ನಕ್ಷೆಯಲ್ಲಿ ನಿವೇಶನದ ಎಲ್ಲೆಯ ಗೆರೆ ಇರುತ್ತದೆ. ಗೆರೆಯಿಂದಾಚೆ ಕಾಗದ ಖಾಲಿ. ಆದರೆ ಗುಡ್ಡದಲ್ಲಿ ಆ ಖಾಲಿ ಜಾಗದ ಕೆಳಗೆ ಯಾರದೋ ಮನೆ ಇದ್ದೇ ಇರುತ್ತದೆ: ತೋಟದ ಲೈನ್‌ಮನೆ, ಪೈಸಾರಿಯಲ್ಲಿ ಕಟ್ಟಿಕೊಂಡ ಎರಡು ಕೋಣೆಯ ಮನೆ, ಇಲ್ಲವೆ ಗದ್ದೆ. ಮೇಲಿನವರಿಗೆ ಕಣಿವೆಯ ನೋಟ ಸಿಗುತ್ತದೆ. ಕೆಳಗಿನವರಿಗೆ ಸಿಗುವುದು ಬರೆಯ ಮಣ್ಣು. ಅವರು ವಿನ್ಯಾಸಕಾರನಿಗೆ ಶುಲ್ಕ ಕೊಟ್ಟವರಲ್ಲ, ನಕ್ಷೆಗೆ ರುಜು ಹಾಕಿದವರಲ್ಲ. ಒಡೆಯ ತನ್ನ ಹಣವನ್ನೂ ತನ್ನ ಜೀವವನ್ನೂ ಪಣಕ್ಕಿಟ್ಟರೆ ಅದು ಅವನಿಗೆ ಬಿಟ್ಟದ್ದು ಎನ್ನೋಣ. ಕೆಳಗಿನವರ ಜೀವವನ್ನು ಪಣಕ್ಕಿಡುವ ಹಕ್ಕು ಅವನಿಗಿಲ್ಲ. ಇಟ್ಟುಕೊಟ್ಟ ವಿನ್ಯಾಸಕಾರನಿಗಂತೂ ಇಲ್ಲ. ಒಳಾಂಗಣ, ಬಣ್ಣ, ಕಿಟಕಿ, ಇವುಗಳಲ್ಲಿ ಎಷ್ಟು ಬೇಕಾದರೂ ರಾಜಿಯಾಗಲಿ. ನೀರಿನ ದಾರಿ, ಬರೆಯ ಎತ್ತರ, ಕೆಳಗಿನ ಮನೆ, ಈ ಮೂರರಲ್ಲಿ ರಾಜಿ ಕೂಡದು. ಅಲ್ಲಿ ಒಲ್ಲೆನೆನ್ನುವುದು ಹೆಮ್ಮೆಯಲ್ಲ, ಕೆಲಸದ ಭಾಗ.

ಅದೇ ಹುಡುಗನಿಗೆ ಒಪ್ಪಿದ ಒಡೆಯರೂ ಸಿಕ್ಕಿದ್ದಾರೆ. ಸೇನೆಯಿಂದ ನಿವೃತ್ತರಾದ ಸುಬೇದಾರರೊಬ್ಬರು, “ಬರುವವನು ಯಾವ ದಾರಿಯಲ್ಲಿ ಬರುತ್ತಾನೆಂದು ಮೊದಲು ನೋಡಬೇಕು, ಆಮೇಲೆ ಡೇರೆ ಹಾಕಬೇಕು, ಇದನ್ನು ನನಗೆ ಹೇಳಿಕೊಡಬೇಕೆ?” ಎಂದು ನಕ್ಕು, ಮಳೆಯ ನಡುವೆ ಇವನ ಜತೆ ಕೊಡೆ ಹಿಡಿದು ಜಾಗವನ್ನೆಲ್ಲ ಸುತ್ತಿದರಂತೆ. ನೀರು ಹರಿಯುವ ಎಡೆಗೆಲ್ಲ ಗೂಟ ನೆಟ್ಟರು. ಗೂಟ ಬಿದ್ದ ಕಡೆ ಬಿಟ್ಟು ಉಳಿದ ಕಡೆ ಮನೆ ನಿಂತಿತು. ಉದ್ದವಾದ, ಸಪೂರವಾದ ಮನೆ, ಎರಡು ಮಟ್ಟ, ಎಲ್ಲಿಯೂ ಆಳೆತ್ತರ ಮೀರಿದ ಬರೆ ಇಲ್ಲ. ಅಡಿಪಾಯಕ್ಕೆ ಸ್ವಲ್ಪ ಹೆಚ್ಚು ಹಣ ಹಿಡಿಯಿತು. ತಡೆಗೋಡೆಯ ಹಣ ಉಳಿಯಿತು.

ಕಾನೂನು ಇದನ್ನೆಲ್ಲ ನೋಡಿಕೊಳ್ಳುವುದಿಲ್ಲವೆ ಎಂದರೆ, ಅರ್ಧ ಮಾತ್ರ. ಪಶ್ಚಿಮಘಟ್ಟದ ಬಗ್ಗೆ 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ ವರದಿಗಳನ್ನು ಕೊಟ್ಟವು. ನಮ್ಮ ಜಿಲ್ಲೆಯಲ್ಲಿ ಅವುಗಳ ಬಗ್ಗೆ ಎದ್ದ ಭಯ, ವಾದವಿವಾದಗಳು ಎಲ್ಲರಿಗೂ ತಿಳಿದವೇ. ಎರಡನೆಯ ವರದಿ ಸೂಕ್ಷ್ಮ ಪ್ರದೇಶದಲ್ಲಿ ನಿಷೇಧಿಸಬೇಕೆಂದದ್ದು 20,000 ಚದರ ಮೀಟರಿಗೆ ಕಡಿಮೆಯಿಲ್ಲದ ಕಟ್ಟಡಗಳನ್ನು. ಗುಡ್ಡ ಕುಸಿಯುವುದಕ್ಕೆ ಅಷ್ಟು ದೊಡ್ಡ ಕಟ್ಟಡವೇ ಬೇಕಾಗಿಲ್ಲ. ಇನ್ನೂರು ಚದರ ಮೀಟರಿನ ನೂರು ಕಟ್ಟಡಗಳು ನೂರು ಬರೆಗಳನ್ನು ಕಡಿದರೆ ಸಾಕು. ಆ ನೂರರಲ್ಲಿ ಒಂದೊಂದೂ ನಿಯಮದೊಳಗೇ ಇರಬಹುದು. ಆದ್ದರಿಂದಲೇ ಹೊಣೆ ಕಟ್ಟುವವನ ಮೇಜಿಗೆ ಬಂದು ನಿಲ್ಲುತ್ತದೆ.

ಕೇಳುಗರಲ್ಲಿ ಮನೆ ಕಟ್ಟಿಸಲಿರುವವರು ಇದ್ದರೆ ಅವರಿಗೆ ಕೆಲವು ಬಿನ್ನಹಗಳು. ಜಾಗವನ್ನು ಬೇಸಗೆಯಲ್ಲಿ ನೋಡಿ ಕೊಳ್ಳಬೇಡಿ. ಜುಲೈ ತಿಂಗಳಲ್ಲಿ ಒಮ್ಮೆ ಹೋಗಿ ನಿಂತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೋಡಿ. ನಕ್ಷೆಯಲ್ಲಿ ಗೋಡೆಗಿಂತ ಮೊದಲು ಚರಂಡಿಯ ಗೆರೆ ಬೀಳಲಿ. ಮನೆಯನ್ನು ಮೇಲಿನಿಂದ ನೋಡಿದ ಚಿತ್ರದ ಜತೆಗೆ, ಗುಡ್ಡವನ್ನು ಅಡ್ಡಲಾಗಿ ಸೀಳಿದಂತೆ ತೋರಿಸುವ ಚಿತ್ರವನ್ನೂ ಕೇಳಿ. ಅದರಲ್ಲಿ ಮೇಲಿನ ಮರವೂ ಕೆಳಗಿನ ನೆರೆಯವರ ಮನೆಯೂ ಇರಲಿ. ಪಂಚಾಯಿತಿಯವರು ಪರವಾನಗಿ ಕೊಡುವ ಮೊದಲು ಇದೇ ಚಿತ್ರವನ್ನು ಕೇಳುವಂತಾದರೆ ಅರ್ಧ ಕೆಲಸವಾದಂತೆ. ಕೊನೆಯದಾಗಿ, ನಿಮ್ಮ ಬಯಕೆಗೆ ಬೇಡವೆನ್ನುವ ವಿನ್ಯಾಸಕಾರ ಸಿಕ್ಕರೆ ಅವನನ್ನು ಬಿಟ್ಟುಬಿಡಬೇಡಿ. ಅವನ ಶುಲ್ಕದಲ್ಲಿ ಆ ಬೇಡದ ಬೆಲೆಯೂ ಸೇರಿದೆ. ಕೆಳಗಿನ ಲೈನ್‌ಮನೆಯಲ್ಲಿ ಮಳೆಗಾಲದ ರಾತ್ರಿ ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಕಿವಿ ನಿಮಿರಿಸಿ ಎಚ್ಚರವಾಗಿರುವ ತಾಯಿಯ ಪರವಾಗಿ, ನಿಮ್ಮ ಎದುರಿಗೆ ಕುಳಿತು ಮಾತನಾಡಲು ಅವನಲ್ಲದೆ ಬೇರೆ ಯಾರೂ ಇಲ್ಲ.